ನಾಲ್ಕನೇ ಮೂಲೆಯ ಮೇಕೆ

ಕಾಲು ಅಂಕ! ಲುವಾ ಟೀಚರ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಕಾಲೇ. ಕ್ವೇತ್ ಮೇಷ್ಟ್ರು ತಮ್ಮ ಹಾಳೆಯಲ್ಲಿ ಕೆಂಪು ಶಾಯಿಯಿಂದ ಗುಂಡಗೆ ಬರೆದು ಅಡಿಗೆರೆ ಬೇರೆ ಎಳೆದಿದ್ದರು. ಒಂದು ಅಂಕದ ಪ್ರಶ್ನೆ. ಉತ್ತರ ಸರಿ, ಉತ್ತರಕ್ಕೆ ಹೋದ ದಾರಿಯೂ ಸರಿ, ಕೊಟ್ಟದ್ದು ಮಾತ್ರ ಕಾಲು. ಭಿಕ್ಷೆ ಹಾಕುವವರ ಕೈಯಾದರೂ ಇದಕ್ಕಿಂತ ಧಾರಾಳವಾಗಿರುತ್ತದೆ.

ಹೊರಗೆ ಜೂನ್ ತಿಂಗಳ ಬಿಸಿಲು ಶಾಲೆಯ ಅಂಗಳವನ್ನು ಕಾವಲಿಯ ಹಾಗೆ ಕಾಯಿಸಿತ್ತು. ವಿಯೆಟ್ನಾಮಿನ ಆ ಪ್ರಾಂತ್ಯದಲ್ಲಿ ಒಂಬತ್ತನೇ ಕ್ಲಾಸು ಮುಗಿಸಿದ ಮಕ್ಕಳು ಬರೆಯುವ ವಿಶೇಷ ಪ್ರೌಢಶಾಲೆಯ ಪ್ರವೇಶ ಪರೀಕ್ಷೆ ಮುಗಿದು, ಗಣಿತದ ಪತ್ರಿಕೆಗಳನ್ನು ತಿದ್ದಲು ಬೇರೆ ಬೇರೆ ತಾಲ್ಲೂಕುಗಳಿಂದ ಕರೆಸಿದ್ದ ಮೇಷ್ಟ್ರು ಟೀಚರುಗಳು ಒಳಗೆ ಇಬ್ಬಿಬ್ಬರಾಗಿ ಬೆಂಚಿಗೆ ಅಂಟಿಕೊಂಡು ಕೂತಿದ್ದರು. ಗೇಟಿನಲ್ಲಿ ಪೊಲೀಸು. ಮೊಬೈಲುಗಳೆಲ್ಲ ಆಫೀಸಿನ ಡಬ್ಬದಲ್ಲಿ. ಪತ್ರಿಕೆಯ ಮೇಲುಭಾಗದಲ್ಲಿ ಹೆಸರಿರುವ ಚೂರನ್ನು ಕತ್ತರಿಸಿ ತೆಗೆದು ಬರೀ ಒಂದು ಗುಟ್ಟಿನ ಸಂಖ್ಯೆ ಹಾಕಿರುತ್ತಾರೆ. ಯಾರ ಮನೆಯ ಮಗು ಬರೆದದ್ದು ಎಂದು ತಿದ್ದುವವರಿಗೆ ತಿಳಿಯಕೂಡದು. ಒಂದೇ ಪತ್ರಿಕೆಯನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿ, ಆಮೇಲೆ ತಮ್ಮ ತಮ್ಮ ಹಾಳೆ ಪಕ್ಕಪಕ್ಕ ಇಟ್ಟು, ಒಪ್ಪಿ, ಸಹಿ ಹಾಕಬೇಕು. ಲುವಾಳ ಜೋಡಿ ಕ್ವೇತ್ ಮೇಷ್ಟ್ರು. ಅವಳ ಗ್ರಹಚಾರ, ಇನ್ನೇನು.

ಪ್ರಶ್ನೆ ಇಷ್ಟೇ. ಎ ಬಿ ಸಿ ಡಿ ಒಂದು ಚೌಕ. ಎ ಇರುವುದು (1, 2)ರಲ್ಲಿ, ಬಿ (5, 1)ರಲ್ಲಿ, ಸಿ (6, 5)ರಲ್ಲಿ. ಡಿ ಎಲ್ಲಿದೆ? ಮೂರು ಮೂಲೆ ಕೊಟ್ಟು ನಾಲ್ಕನೆಯದನ್ನು ಹುಡುಕು ಅನ್ನುವ ಈ ಜಾತಿಯ ಲೆಕ್ಕಕ್ಕೆ ಅಲ್ಲಿಯ ಮಕ್ಕಳು ‘ಮೇಕೆ ಲೆಕ್ಕ’ ಅನ್ನುತ್ತಾರೆ. ವಿಯೆಟ್ನಾಮಿ ಭಾಷೆಯಲ್ಲಿ ಬಿ ಅಕ್ಷರದ ಹೆಸರು ‘ಬೇ’, ಅಂದರೆ ಕರು. ಡಿ ಅಕ್ಷರದ ಹೆಸರು ‘ಝೇ’, ಅಂದರೆ ಮೇಕೆ. ಹಾಗಾಗಿ ಹಿಂದಿನ ಬೆಂಚಿನಿಂದ ಒಬ್ಬ ಪೋರ “ಕರು ಸಿಕ್ತು ಟೀಚರ್, ಮೇಕೆ ಎಲ್ಲಿ?” ಎಂದು ಕೂಗದೆ ಈ ಪಾಠ ಮುಗಿದ ತರಗತಿ ಆ ದೇಶದಲ್ಲೇ ಇಲ್ಲ.

ಈ ಪತ್ರಿಕೆಯ ಮಗು ಎರಡೇ ಸಾಲು ಬರೆದಿತ್ತು. ‘ಚೌಕದಲ್ಲಿ ಎದುರುಬದುರು ಬದಿಗಳದು ಒಂದೇ ದಿಕ್ಕು, ಒಂದೇ ಉದ್ದ. ಬಿಯಿಂದ ಎಗೆ ಹೋಗಲು ಎಡಕ್ಕೆ ನಾಲ್ಕು ಮನೆ, ಮೇಲಕ್ಕೆ ಒಂದು ಮನೆ, ಸಿಯಿಂದಲೂ ಹಾಗೇ ಹೋದರೆ ಡಿ (2, 6).’ ಮುಗಿಯಿತು. ಮೇಕೆ ಸಿಕ್ಕಿತು. ಬೇಕಾದರೆ ನೀವೇ ಒಂದು ಚೌಕುಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ನೋಡಿ.

ಆದರೆ ಮೇಲಿನಿಂದ ಬಂದ ಕೀ ಉತ್ತರದಲ್ಲಿ ಹಾಗಿರಲಿಲ್ಲ. ಅಲ್ಲಿ ನಾಲ್ಕು ಹೆಜ್ಜೆ. ಒಂದು ಬದಿಗೆ ಸಮಾಂತರವಾಗಿ ಎ ಮೂಲಕ ಹೋಗುವ ರೇಖೆಯ ಸಮೀಕರಣ ಬರೆದರೆ ಕಾಲು. ಇನ್ನೊಂದು ಬದಿಗೆ ಸಮಾಂತರವಾಗಿ ಸಿ ಮೂಲಕ ಹೋಗುವ ರೇಖೆಗೆ ಕಾಲು. ಎರಡನ್ನೂ ಕೂಡಿಸಿ ಬಿಡಿಸಿದರೆ ಕಾಲು. ಕಟ್ಟಕಡೆಗೆ ಉತ್ತರಕ್ಕೆ ಕಾಲು. ಅರ್ಧ ಪುಟ ತುಂಬುತ್ತದೆ, ನಡುವೆ ಭಿನ್ನರಾಶಿ ಬಂದು ತಲೆ ತಿನ್ನುತ್ತದೆ, ಕೊನೆಗೆ ಸಿಗುವುದು ಅದೇ (2, 6). ಗುಡ್ಡ ಅಗೆದು ಇಲಿ ಹಿಡಿಯುವುದು ಅಂದರೆ ಇದು.

“ಅಣ್ಣಾ, ಇದೇನಿದು?” ಎಂದಳು ಲುವಾ.

“ಕಾಣಲ್ವಾ? ಕಾಲು.” ಕ್ವೇತ್ ಮೇಷ್ಟ್ರು ತಲೆ ಎತ್ತಲಿಲ್ಲ. ಪಟ್ಟಣದ ಶಾಲೆಯವರು, ಐವತ್ತು ದಾಟಿದವರು, ಇಪ್ಪತ್ತು ವರ್ಷದಿಂದ ಪ್ರತಿ ಜೂನಿನಲ್ಲೂ ಇಲ್ಲಿ ಬಂದು ತಿದ್ದುವವರು. ಕೈಯಲ್ಲೊಂದು ಸ್ಕೇಲು. ಕೀ ಉತ್ತರದ ಸಾಲಿನ ಮೇಲೆ ಸ್ಕೇಲು, ಪತ್ರಿಕೆಯ ಸಾಲಿನ ಮೇಲೆ ಬೆರಳು. ಎರಡೂ ಹೊಂದಿದರೆ ಕಾಲು, ಹೊಂದದಿದ್ದರೆ ಸೊನ್ನೆ.

“ಉತ್ತರ ಸರಿ ಇದೆಯಲ್ಲ.”

“ಅದಕ್ಕೇ ಕಾಲು ಕೊಟ್ಟಿದೀನಿ. ಉತ್ತರದ ಕಾಲು ಅದು. ಮಿಕ್ಕ ಮೂರು ಹೆಜ್ಜೆ ಎಲ್ಲಿ?”

“ಮೂರು ಹೆಜ್ಜೆ ಬೇಕಾಗೇ ಇಲ್ಲ ಅಣ್ಣಾ! ಮಗು ನೇರ ಹೋಗಿ ಮುಟ್ಟಿದೆ.”

“ತಂಗೀ, ಮೇಕೆ ತಾನಾಗೇ ಕೊಟ್ಟಿಗೆಗೆ ಬರಲ್ಲ. ಹಗ್ಗ ಹಾಕಿ ಎಳ್ಕೊಂಡು ಬರ್ಬೇಕು. ಹಗ್ಗ ಎಲ್ಲಿ, ತೋರ್ಸು.”

“ಮೇಕೆ ಕೊಟ್ಟಿಗೇಲಿ ನಿಂತು ಸೊಪ್ಪು ತಿಂತಾ ಇದೆ, ನೀವು ಹಗ್ಗ ಹುಡುಕ್ತಾ ಕೂತಿದೀರಲ್ರೀ!”

ಪಕ್ಕದ ಬೆಂಚಿನವರು ಕಿಸಕ್ಕನೆ ನಕ್ಕರು. ಕ್ವೇತ್ ಮೇಷ್ಟ್ರ ಕಿವಿ ಕೆಂಪಾಯಿತು. ಲುವಾ ಅಷ್ಟಕ್ಕೇ ಬಿಡುವ ಪೈಕಿ ಅಲ್ಲ. ಅವಳ ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳ ಶಾಲೆಯ ಜವಾನನಿಗೂ ಗೊತ್ತು. ಕೀ ಉತ್ತರದ ಕೊನೆಯ ಹಾಳೆ ತಿರುವಿ, ಕೆಳಗಡೆ ಸಣ್ಣ ಅಕ್ಷರದಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟಳು.

“ಓದಿ. ‘ವಿದ್ಯಾರ್ಥಿ ಬೇರೆ ಸರಿಯಾದ ವಿಧಾನದಲ್ಲಿ ಬಿಡಿಸಿದ್ದರೂ ಪೂರ್ಣ ಅಂಕ ಕೊಡುವುದು.’ ಇದನ್ನ ಯಾಕೆ ಅಚ್ಚು ಹಾಕಿದಾರೆ? ಹಾಳೆ ಖಾಲಿ ಉಳೀತು ಅಂತಲಾ?”

ಆ ಸಾಲು ಎಲ್ಲ ವರ್ಷವೂ ಎಲ್ಲ ಕೀ ಉತ್ತರದ ಕೆಳಗೂ ಇರುತ್ತದೆ. ಎಲ್ಲರೂ ಓದುತ್ತಾರೆ. ಬಾಗಿಲ ಮೇಲೆ ಬರೆದ ‘ಸುಸ್ವಾಗತ’ವನ್ನು ಓದಿದಷ್ಟೇ ಓದುತ್ತಾರೆ.

“ಬೇರೆ ವಿಧಾನ ಅಂದ್ರೆ ಒಂಬತ್ತನೇ ಕ್ಲಾಸಿನೊಳಗಿನ ಬೇರೆ ವಿಧಾನ,” ಎಂದರು ಮೇಷ್ಟ್ರು. “ಇದು ವೆಕ್ಟರು. ವೆಕ್ಟರು ಹತ್ತನೇ ಕ್ಲಾಸಿಂದು. ಟ್ಯೂಷನ್ನಲ್ಲಿ ಯಾರೋ ಗಿಳಿಪಾಠ ಮಾಡ್ಸಿದಾರೆ, ಬಂದು ಕಕ್ಕಿದೆ. ಅಥವಾ ಪಕ್ಕದೋನ ಉತ್ತರ ನೋಡ್ಕೊಂಡು ಕೆಳಗೆರಡು ಮಾತು ಸೇರ್ಸಿದೆ.”

“ಪಕ್ಕದೋನು ಅರ್ಧ ಪುಟ ಬರೆದಿರ್ತಾನೆ. ಅದನ್ನ ನೋಡಿ ಎಡಕ್ಕೆ ನಾಲ್ಕು ಮೇಲಕ್ಕೆ ಒಂದು ಅಂತ ಹೊಳೀಬೇಕಾದ್ರೆ ಆ ಮಗು ನಕಲು ಹೊಡೆಯೋದ್ರಲ್ಲೂ ಬುದ್ಧಿವಂತನೇ ಬಿಡಿ!”

ಆಗ ಕ್ವೇತ್ ಮೇಷ್ಟ್ರು ಸ್ಕೇಲು ಕೆಳಗಿಟ್ಟು, ಮೊದಲ ಸಲ ಅವಳ ಮುಖ ನೋಡಿ, ಮೆತ್ತಗೆ ಕೇಳಿದರು: “ನಿಮ್ಮ ಶಾಲೆಯ ಹುಡುಗಿ ಒಬ್ಬಳು ಈ ಸಲ ಕೂತಿದಾಳಂತಲ್ಲ?”

ಸುತ್ತಲಿನ ಬೆಂಚುಗಳಲ್ಲಿ ಪೆನ್ನು ನಿಂತವು.

“ಕೂತಿದಾಳೆ. ಏನೀಗ?”

“ಏನಿಲ್ಲ. ಗೊತ್ತಿಲ್ಲದ ಮಗೂಗೆ ಇಷ್ಟು ಹೊಟ್ಟೆ ಉರ್ಕೊಳ್ಳೋರನ್ನ ನಾನು ಕಂಡಿಲ್ಲ, ಅದಕ್ಕೆ ಕೇಳ್ದೆ.”

ಲುವಾಳ ಮೈಯೆಲ್ಲ ಬೆಂಕಿಯಾಯಿತು. “ಇದು ಅವಳ ಅಕ್ಷರ ಅಲ್ಲ! ಅವಳ ಅಕ್ಷರ ದುಂಡಗಿದೆ, ಇದು ಕೋಳಿ ಕೆದರಿದ ಹಾಗಿದೆ!” ಎಂದುಬಿಟ್ಟಳು.

“ಓಹೋ,” ಎಂದರು ಮೇಷ್ಟ್ರು. “ಹಾಗಾದ್ರೆ ಅಕ್ಷರ ಹುಡುಕ್ತಾ ಇದೀಯ.”

ಇನ್ನು ಏನು ಹೇಳಿದರೂ ಕಷ್ಟ. ಹೌದು ಅಂದರೆ ಕಳ್ಳಿ, ಅಲ್ಲ ಅಂದರೆ ಸುಳ್ಳಿ. ಲುವಾ ಆ ಪತ್ರಿಕೆಯನ್ನು ಪಕ್ಕಕ್ಕೆ ಸರಿಸಿದಳು. ಸಹಿ ಮಾತ್ರ ಹಾಕಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅನ್ನ, ಕರಿದ ತೋಫು, ನೀರುಸೊಪ್ಪಿನ ಸಾರು. ಕೂತಲ್ಲೆಲ್ಲ ಗುಸುಗುಸು. ದೋಂಗ್ ವಿ ತಾಲ್ಲೂಕಿನ ಲುವಾ ಟೀಚರ್ ತನ್ನ ಹುಡುಗಿಯ ಪತ್ರಿಕೆ ಹಿಡಿದುಕೊಂಡು ಜಗಳಕ್ಕೆ ನಿಂತಿದ್ದಾಳೆ ಎನ್ನುವುದು ಸಾರು ಬಡಿಸಿ ಮುಗಿಯುವುದರೊಳಗೆ ಇಡೀ ಊಟದ ಮನೆಗೆ ತಲುಪಿತ್ತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು. ಅನ್ಯಾಯ ಮಾಡಿದವರು ಎರಡನೇ ಸಲ ತೋಫು ಬಡಿಸಿಕೊಳ್ಳುತ್ತಿದ್ದಾರೆ, ಅನ್ಯಾಯ ಅಂದವಳ ತಟ್ಟೆಯಲ್ಲಿ ಅನ್ನ ಹಾಕಿದ ಹಾಗೇ ಇದೆ. ಜೊತೆಯಲ್ಲಿ ಕೂತಿದ್ದ ಒಬ್ಬಾಕೆ, “ಬಿಡ್ರೀ ಅಕ್ಕಾ, ಯಾರದೋ ಮಗು. ಮುಕ್ಕಾಲು ಅಂಕಕ್ಕೆ ಯಾಕೆ ಹೆಸರು ಕೆಡಿಸ್ಕೋತೀರ?” ಎಂದಳು.

“ಯಾರದೋ ಮಗು ಅಂದ್ರೆ ಬೀದೀಲಿ ಬಿದ್ದಿದೆಯಾ?” ಎಂದು ಲುವಾ ಚಮಚ ಕುಕ್ಕಿದಳು. ಮುಕ್ಕಾಲು ಅಂಕ ಅಂದರೆ ಏನು ಎನ್ನುವುದು ಅವಳಿಗೆ ಗೊತ್ತಿತ್ತು. ವಿಶೇಷ ಶಾಲೆಯ ಪಟ್ಟಿಯಲ್ಲಿ ಮಕ್ಕಳು ಕಾಲು ಕಾಲು ಅಂಕದ ದೂರದಲ್ಲಿ ಒಬ್ಬರ ಬೆನ್ನಿಗೊಬ್ಬರು ನಿಂತಿರುತ್ತಾರೆ. ಮುಕ್ಕಾಲು ಹೋಯಿತು ಅಂದರೆ ಸೀಟು ಹೋಯಿತು.

ಅವಳ ಹುಡುಗಿಯ ಹೆಸರು ಮಿಯೆನ್. ಆ ಹುಡುಗಿಯ ತಾಯಿ ಬೆಳಗಿನ ಸಂತೆಯಲ್ಲಿ ಅಕ್ಕಿಹಿಟ್ಟಿನ ಸುರುಳಿ ಬೇಯಿಸಿ ಮಾರುತ್ತಾಳೆ. ಅಕ್ಕ ಹದಿನಾರಕ್ಕೇ ಶೂ ಕಾರ್ಖಾನೆಗೆ ಸೇರಿ ಅಟ್ಟೆಗೆ ಅಂಟು ಹಚ್ಚುತ್ತಾಳೆ. ತಾಯಿಯದು ಒಂದೇ ಮಾತು: ವಿಶೇಷ ಶಾಲೆಗೆ ಸಿಕ್ಕಿದರೆ ಹಾಸ್ಟೆಲು, ಊಟ, ಪುಸ್ತಕ ಎಲ್ಲ ಅವರದೇ, ಓದಲಿ, ಸಿಗದಿದ್ದರೆ ಅಕ್ಕನ ಬಸ್ಸು ಹತ್ತಲಿ. ಲುವಾ ಎರಡು ವರ್ಷ ಆ ಹುಡುಗಿಯನ್ನು ತನ್ನ ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿದ್ದಳು. ಲೆಕ್ಕ ಓದುವ ಮೊದಲೇ ಆ ಹುಡುಗಿಯ ಕಣ್ಣಿಗೆ ಉತ್ತರ ಬಿದ್ದಿರುತ್ತಿತ್ತು. ಅಂಥ ಮಗು ಅಂಟಿನ ವಾಸನೆ ಕುಡಿಯುತ್ತಾ ಕೂರುವುದೇ? ಹಾಗೆಯೇ ಈ ಕೋಳಿ ಕೆದರಿದ ಅಕ್ಷರದ ಮಗುವಿನ ಹಿಂದೆಯೂ ಯಾವುದೋ ಮನೆ, ಯಾವುದೋ ತಾಯಿ, ಯಾವುದೋ ಬಸ್ಸು ಇರುತ್ತದೆ. ಅದನ್ನು ನೆನೆದಷ್ಟೂ ಲುವಾಳಿಗೆ ಉರಿ ಏರಿತು.

ಮಧ್ಯಾಹ್ನದ ಕೆಲಸ ಶುರುವಾಗುವ ಮೊದಲೇ ಪತ್ರಿಕೆ ಹಿಡಿದುಕೊಂಡು ಗಣಿತ ವಿಭಾಗದ ಮುಖ್ಯಸ್ಥೆ ಸಾಮ್ ಮೇಡಂ ಮುಂದೆ ನಿಂತಳು. ಸಾಮ್ ಮೇಡಂ ನಿವೃತ್ತಿಗೆ ಹತ್ತಿರದವರು, ಮಾತು ಕಮ್ಮಿ, ಬೀಸಣಿಗೆ ಜಾಸ್ತಿ. ಕ್ವೇತ್ ಮೇಷ್ಟ್ರೂ ಬಂದರು. ಅವರ ಹಿಂದೆ, ನೀರು ಕುಡಿಯುವ ನೆಪದಲ್ಲಿ, ಅರ್ಧ ಕೋಣೆ ಬಂತು.

ಲುವಾ ಕೇಳದೆಯೇ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಚೌಕುಳಿ ಎಳೆದು, ಮೂರು ಚುಕ್ಕಿ ಇಟ್ಟಳು. “ನೋಡಿ ಅಕ್ಕಾ. ಇದು ಕರು. ಕರುವಿನಿಂದ ಎಗೆ ಎಡಕ್ಕೆ ಒಂದು, ಎರಡು, ಮೂರು, ನಾಲ್ಕು, ಮೇಲಕ್ಕೆ ಒಂದು. ಸಿಯಿಂದ ಅಷ್ಟೇ ಎಡಕ್ಕೆ, ಅಷ್ಟೇ ಮೇಲಕ್ಕೆ. ಇಗೋ ಮೇಕೆ. ಇದ್ರಲ್ಲಿ ತಪ್ಪೆಲ್ಲಿದೆ?”

“ತಪ್ಪಿದೆ ಅಂತ ಯಾರಂದ್ರು?” ಎಂದರು ಕ್ವೇತ್ ಮೇಷ್ಟ್ರು. “ವೆಕ್ಟರು ಒಂಬತ್ತನೇ ಕ್ಲಾಸಲ್ಲಿ ಇಲ್ಲ ಅಂದೆ.”

“ಎಡಕ್ಕೆ ನಾಲ್ಕು ಮೇಲಕ್ಕೆ ಒಂದು ಅನ್ನೋದು ವೆಕ್ಟರಾ? ಹಾಗಾದ್ರೆ ‘ಎರಡು ಓಣಿ ದಾಟಿ ಎಡಕ್ಕೆ ತಿರುಗು’ ಅಂತ ದಾರಿ ಹೇಳ್ತಾಳಲ್ಲ ಗೇಟಿನ ಹತ್ರ ಚಹಾ ಮಾರೋ ಅಜ್ಜಿ, ಅವಳೂ ಹತ್ತನೇ ಕ್ಲಾಸು ಪಾಸಾ? ಈ ಮಗು ಬಾಣ ಬರೆದಿದೆಯಾ? ವೆಕ್ಟರು ಅನ್ನೋ ಮಾತು ಬರೆದಿದೆಯಾ? ಕಣ್ಣಿಂದ ಕಂಡದ್ದನ್ನ ಬರೆದಿದೆ. ಕಣ್ಣಿದ್ದದ್ದೇ ತಪ್ಪಾ?”

ಹಿಂದೆ ಯಾರೋ ನಕ್ಕು ಕೆಮ್ಮಿದರು. ಕ್ವೇತ್ ಮೇಷ್ಟ್ರು ತಿರುಗಿ ನೋಡಿದರು, ಆಮೇಲೆ ಧ್ವನಿ ತಗ್ಗಿಸಿದರು. “ನೋಡು ತಾಯಿ, ಹೋದ ವರ್ಷ ನಾನೂ ಹೀಗೇ ಕರ್ಣ ಆಗಿ ಹೆಜ್ಜೆ ಇಲ್ಲದ ಪತ್ರಿಕೆಗೆ ಪೂರ್ತಿ ಕೊಟ್ಟೆ. ಮರುಪರಿಶೀಲನೇಲಿ ಹೊರಗೆ ಬಂತು. ‘ಯಾವ ಆಧಾರದ ಮೇಲೆ ಕೊಟ್ರಿ’ ಅಂತ ಮೆಮೊ ಬಂತು. ಮೂರು ತಿಂಗಳು ಓಡಾಡಿಸಿದ್ರು. ನನಗೆ ಬುದ್ಧಿ ಬಂತು. ಹೆಜ್ಜೆ ಇದ್ರೆ ನಾನು ಬಚಾವು, ಮಗೂನೂ ಬಚಾವು.”

“ನಿಮ್ಮ ಮೆಮೊಗೆ ಈ ಮಗು ಯಾಕೆ ದಂಡ ಕಟ್ಬೇಕು?”

“ಸರಿ, ನೀನು ಏನು ಹೇಳ್ಕೊಡ್ತೀಯ? ಎದೆ ಮುಟ್ಕೊಂಡು ಹೇಳು. ನಿನ್ನ ಕ್ಲಾಸಲ್ಲಿ ಎರಡು ಸಾಲು ಬರೀರಿ ಅಂತೀಯಾ?”

“ನಾಲ್ಕು ಹೆಜ್ಜೆ ಬರೀರಿ ಅಂತಾನೇ ಅಂತೀನಿ! ಯಾಕೆ ಗೊತ್ತಾ? ನಿಮ್ಮಂಥೋರ ಸ್ಕೇಲಿನ ಕೆಳಗೆ ಬೀಳ್ತಾರಲ್ಲ ಅಂತ!”

ಈ ಸಲ ಯಾರೂ ಕೆಮ್ಮಿ ಮುಚ್ಚಿಕೊಳ್ಳಲಿಲ್ಲ, ಬಾಯಿ ಬಿಟ್ಟೇ ನಕ್ಕರು. ಕ್ವೇತ್ ಮೇಷ್ಟ್ರೂ ಅರೆಮನಸ್ಸಿನಿಂದ ನಕ್ಕರು. ಸಾಮ್ ಮೇಡಂ ನಗಲಿಲ್ಲ. ಬೀಸಣಿಗೆ ನಿಲ್ಲಿಸಿ ಹಲಗೆಯನ್ನೇ ನೋಡುತ್ತಿದ್ದರು.

“ಲುವಾ,” ಎಂದರು ಆಮೇಲೆ. “ಈ ಒಂದಕ್ಕೆ ಮಾತ್ರ ಕೊಡೋಕಾಗಲ್ಲ. ಕೊಟ್ರೆ ಎಲ್ಲ ಕಟ್ಟು ಬಿಚ್ಚಿ, ಹೀಗೆ ಬರೆದೋರನ್ನೆಲ್ಲ ಹುಡುಕಿ ಕೊಡ್ಬೇಕು.”

“ಕೊಡಿ ಅಕ್ಕಾ. ಎಲ್ಲರಿಗೂ ಕೊಡಿ.”

“ಸೀಟು ಹೆಚ್ಚಾಗಲ್ಲ, ಇದ್ದಷ್ಟೇ. ಒಬ್ಬರು ಮೇಲೆ ಬಂದ್ರೆ ಇನ್ನೊಬ್ಬರು ಕೆಳಗೆ ಇಳೀತಾರೆ. ಇಳಿಯೋರು ಯಾರು ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ.”

“ಸರಿ ಬರೆದೋರು ಮೇಲೆ ಬರ್ಲಿ. ಇದ್ರಲ್ಲಿ ಯೋಚನೆ ಮಾಡೋದೇನಿದೆ?”

ಸಾಮ್ ಮೇಡಂ ಅವಳನ್ನು ಒಂದು ಗಳಿಗೆ ನೋಡಿದರು. “ಏನಿಲ್ಲ,” ಎಂದರು. “ಕಟ್ಟು ಬಿಚ್ಚಿ.”

ಆ ಮಧ್ಯಾಹ್ನವೆಲ್ಲ ಎಲ್ಲರೂ ಗೊಣಗುತ್ತಾ ಹಳೆಯ ಕಟ್ಟುಗಳನ್ನು ಬಿಚ್ಚಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಬೆಳಿಗ್ಗೆ ಕಾಲು ಅಂದರೆ ಕಾಲು ಹಾಕಿದ್ದರು, ಈಗ ಒಂದು ಅಂದರೆ ಒಂದು ಹಾಕಿದರು. ಅಂಥ ಪತ್ರಿಕೆ ಬೆರಳೆಣಿಕೆಯಷ್ಟೇ ಸಿಕ್ಕವು. ಕ್ವೇತ್ ಮೇಷ್ಟ್ರು ತಮ್ಮ ಅಡಿಗೆರೆಯ ಕಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಬರೆದು ಸಹಿ ಮಾಡಿ, “ಯಾರ ಮೇಕೆ ಯಾರ ಕೊಟ್ಟಿಗೆಗೆ ಬರುತ್ತೋ ನೋಡೋಣ,” ಎಂದು ಹುಕ್ಕಾ ಸೇದಲು ಹೊರಟುಹೋದರು. ಸಂಜೆ ಲುವಾ ಒಂದು ಗೊಂಚಲು ಲಿಚಿ ಹಣ್ಣು ಕೊಂಡು ಸ್ಕೂಟರಿನ ಹ್ಯಾಂಡಲಿಗೆ ಕಟ್ಟಿಕೊಂಡು ಊರಿಗೆ ಹೊರಟಳು. ದಾರಿಯುದ್ದಕ್ಕೂ ಅವಳಿಗೆ ನಗು. ಎಷ್ಟೋ ವರ್ಷದಿಂದ ನುಂಗಿಕೊಂಡು ಬಂದದ್ದನ್ನೆಲ್ಲ ಒಂದೇ ದಿನ ಉಗುಳಿ ಬಂದ ಹಾಗಿತ್ತು. ಗೆದ್ದೆ ಅಂತ ಅವಳಿಗೆ ಅನ್ನಿಸಿತು, ಗೆದ್ದೂ ಇದ್ದಳು.

ಫಲಿತಾಂಶ ಬಂದ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಪಟ್ಟಿ ತೆರೆದಳು. ಮೇಲಿನಿಂದ ಓದುತ್ತಾ ಬಂದಳು. ಮಿಯೆನ್ ಇಲ್ಲ. ಇನ್ನೂ ಕೆಳಗೆ. ಇಲ್ಲ. ಸೀಟು ಮುಗಿಯುವ ಗೆರೆ ಬಂತು. ಗೆರೆಯ ಕೆಳಗಿನ ಮೊದಲ ಹೆಸರು ಮಿಯೆನ್‌ಳದು. ಗೆರೆಯ ಮೇಲಿನ ಕೊನೆಯ ಹೆಸರಿಗೂ ಅವಳಿಗೂ ನಡುವೆ ಕಾಲು ಅಂಕ.

“ಆಗೋದೇ ಇಲ್ಲ!” ಎಂದು ಲುವಾ ಖಾಲಿ ಅಡಿಗೆಮನೆಯಲ್ಲಿ ಕೂಗಿದಳು. ಯಾವನೋ ಒಬ್ಬ ಸ್ಕೇಲಿನವನು ಮಿಯೆನ್‌ಳ ಪತ್ರಿಕೆಯಲ್ಲೂ ಎಲ್ಲೋ ಕಾಲು ಕಚ್ಚಿದ್ದಾನೆ. ಬಿಡುವುದಿಲ್ಲ. ಮರುಪರಿಶೀಲನೆಗೆ ಹಾಕಿಸುತ್ತೇನೆ, ಮತ್ತೆ ಹೋಗಿ ಹಲಗೆಯ ಮುಂದೆ ನಿಲ್ಲುತ್ತೇನೆ. ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಫೋನು ಬಂತು. ಕ್ವೇತ್ ಮೇಷ್ಟ್ರು.

“ತಂಗೀ, ಒಂದು ಮಾತು ಹೇಳ್ಬೇಕಿತ್ತು. ಗುಟ್ಟಿನ ಸಂಖ್ಯೆಗೆ ಹೆಸರು ಸೇರಿಸೋವಾಗ ನಾನಿದ್ದೆ. ಆ ಎರಡು ಸಾಲಿನ ಪತ್ರಿಕೆ ನಿನ್ನ ಹುಡುಗೀದಲ್ಲ. ದ್ವೀಪದ ಕಡೆಯ ಒಬ್ಬ ಹುಡುಗಂದು. ಎಲ್ಲರ ಮುಂದೆ ಹಾಗಂದುಬಿಟ್ಟೆ, ತಪ್ಪಾಯ್ತು. ಮನಸ್ಸಿಗೆ ಹಚ್ಕೋಬೇಡ.”

“ಆಗ್ಲೇ ಹೇಳಿದ್ನಲ್ಲ ನಾನು.”

“ಹೇಳಿದ್ದೆ.” ಮೇಷ್ಟ್ರು ಒಪ್ಪಿಕೊಂಡರು. “ಪಟ್ಟಿ ನೋಡಿದ್ಯಾ? ಕೊನೇ ಸೀಟು ಇದೆಯಲ್ಲ, ಅದು ಅವನೇ. ಆ ಮುಕ್ಕಾಲು ಇಲ್ದಿದ್ರೆ…” ಎಂದು ತಡೆದು, “ಇಡ್ತೀನಮ್ಮ,” ಎಂದರು.

ಗೇಲಿ ಮಾಡಿದ್ದರೆ ಲುವಾ ತಿರುಗಿ ಎರಡು ಬೈದು ಹಗುರಾಗುತ್ತಿದ್ದಳು. ಅವರು ಗೇಲಿ ಮಾಡಲಿಲ್ಲ. ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಳು. ಆ ಹುಡುಗನ ಮೇಲೆ ಕೋಪ ಬರುತ್ತದೇನೋ ಎಂದು ಕಾದಳು. ಬರಲಿಲ್ಲ, ಅವನ ಅಂಕ ಅವನದು. ಮಿಯೆನ್‌ಳ ಕಾಲು ಅಂಕ ಎಲ್ಲೋ ಇದೆ, ಅದನ್ನು ಹುಡುಕಿದರೆ ಇಬ್ಬರೂ ಸಮ ಆಗುತ್ತಾರೆ, ಆಗ ಇಬ್ಬರಿಗೂ ಸೀಟು ಸಿಗುವ ದಾರಿಯಿದೆ ಎಂದು ತನಗೆ ತಾನೇ ಹೇಳಿಕೊಂಡು ಎದ್ದಳು.

ಮಿಯೆನ್ ಮನೆಯ ಹಿಂದೆ ನಲ್ಲಿಯ ಹತ್ತಿರ ಕೂತು ತಾಯಿಯ ಹಬೆಪಾತ್ರೆ ಉಜ್ಜುತ್ತಿದ್ದಳು. ತಾಯಿ ಒಳಗಿನಿಂದಲೇ, “ಬನ್ನಿ ಟೀಚರ್, ನಿಮ್ಮ ಋಣ ದೊಡ್ಡದು. ಅವಳ ಹಣೇಲಿ ಇದ್ದದ್ದು ಇಷ್ಟೇ. ಸೋಮವಾರದಿಂದ ಅಕ್ಕನ ಜೊತೆ ಹೋಗ್ತಾಳೆ, ಮಾತಾಡಿ ಆಯ್ತು,” ಎಂದಳು.

“ಸೋಮವಾರ ಯಾಕಮ್ಮಾ ಅಷ್ಟು ಅವಸರ? ನಾವು ಮರುಪರಿಶೀಲನೆಗೆ ಹಾಕ್ತೀವಿ. ಅವರು ಕಾಲು ನುಂಗಿದಾರೆ, ನಾನು ಕಕ್ಕಿಸ್ತೀನಿ. ಮಿಯೆನ್, ಏಳು. ಮೊದಲನೇ ಪ್ರಶ್ನೆಯಿಂದ ಹೇಳ್ತಾ ಬಾ, ಏನೇನು ಬರೆದೆ?”

ಮಿಯೆನ್ ಕೈ ಒರೆಸಿಕೊಂಡು ಬಂದು ಒಂದೊಂದೇ ಹೇಳಿದಳು. ಲುವಾ ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಅಂಕ ಬರೆದುಕೊಳ್ಳುತ್ತಾ ಹೋದಳು. ಎಲ್ಲ ಸರಿ. ಎಲ್ಲ ಪೂರ್ತಿ. ಎಲ್ಲೂ ಯಾರೂ ಏನೂ ಕಚ್ಚಿರಲಿಲ್ಲ. ಕೊನೆಯ ಪ್ರಶ್ನೆಗೆ ಬಂದಾಗ ಹುಡುಗಿ ನಿಂತಳು.

“ಅದು ಅರ್ಧಕ್ಕೇ ನಿಲ್ತು ಟೀಚರ್. ದಾರಿ ಗೊತ್ತಿತ್ತು. ಇನ್ನು ಎರಡು ಸಾಲು ಬರೆದಿದ್ರೆ ಮುಗೀತಿತ್ತು. ಗಂಟೆ ಹೊಡೆದುಬಿಟ್ಟಿತು.”

“ಎರಡು ಸಾಲಾ! ಟೈಮು ಎಲ್ಲಿ ಹೋಯ್ತೇ ನಿಂಗೆ? ನಿನ್ನಷ್ಟು ಬೇಗ ಬರೆಯೋರು ಯಾರಿದಾರೆ?”

“ಮೇಕೆ ಲೆಕ್ಕದಲ್ಲಿ ಹೋಯ್ತು. ನಾಲ್ಕು ಹೆಜ್ಜೇನೂ ಬರೆದೆ. ನಡುವೆ ಭಿನ್ನರಾಶಿ ತಪ್ಪಿತು, ಹೊಡೆದುಹಾಕಿ ಮತ್ತೆ ಮೊದಲಿಂದ ಬರೆದೆ.” ಮಿಯೆನ್ ಕಾಲಬೆರಳಿನಿಂದ ಮಣ್ಣು ಕೆದಕಿದಳು. “ಲೆಕ್ಕ ನೋಡಿದ ಕೂಡ್ಲೇ ಉತ್ತರ ಗೊತ್ತಿತ್ತು ಟೀಚರ್. ಎಡಕ್ಕೆ ನಾಲ್ಕು, ಮೇಲಕ್ಕೆ ಒಂದು. ಆದ್ರೆ ಹಾಗೆ ಬರೀಬಾರ್ದು ಅಂದಿದ್ರಲ್ಲ ನೀವು. ಎಂಟನೇ ಕ್ಲಾಸಲ್ಲಿ ಒಂದ್ಸಲ ಹಾಗೆ ಬರೆದಿದ್ದಕ್ಕೆ ಹಾಳೆ ಹರಿದು ಹಾಕಿ, ನೂರು ಸಲ ಹೆಜ್ಜೆ ಬರೆಸಿದ್ರಿ.”

ಒಳಗೆ ತಾಯಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಲುವಾ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗೆ ಹಾಕಿದಳು.

“ಹಾಗೆ ಎರಡು ಸಾಲು ಬರೆದೋರಿಗೂ ಈ ಸಲ ಪೂರ್ತಿ ಅಂಕ ಕೊಟ್ರಂತೆ,” ಎಂದಳು ಮಿಯೆನ್. “ಬೆಳಿಗ್ಗೆಯಿಂದ ಎಲ್ಲಾ ಮೆಸೇಜು ಹಾಕ್ತಿದಾರೆ. ಯಾರೋ ಒಬ್ರು ಟೀಚರ್ ಜಗಳ ಮಾಡಿ ಕೊಡ್ಸಿದ್ರಂತೆ. ನಿಜವಾ ಟೀಚರ್? ಯಾರದು?”

“ನಾನೇ,” ಎಂದಳು ಲುವಾ.

ಹುಡುಗಿ ತಲೆ ಎತ್ತಿದಳು. ಎರಡು ವರ್ಷದಲ್ಲಿ ಟೀಚರಿನ ಮುಖವನ್ನು ಅವಳು ಹಾಗೆ ನೆಟ್ಟ ಕಣ್ಣಿನಿಂದ ನೋಡಿದ್ದಿಲ್ಲ. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ನ್ಯಾಯವಾದ ಸಿಟ್ಟು.

“ಗುರುತು ಪರಿಚಯ ಇಲ್ಲದೋರಿಗೋಸ್ಕರ ಅಷ್ಟೆಲ್ಲ ಜಗಳ ಆಡಿದ್ರಿ,” ಎಂದಳು. “ನನ್ನನ್ನ ಮಾತ್ರ ಯಾಕೆ ಟೀಚರ್ ಹೆದರಿಸಿ ಇಟ್ರಿ?”

ಲುವಾ ಉತ್ತರ ಹೇಳಲು ಬಾಯಿ ತೆರೆದಳು. ಹೆಜ್ಜೆ ಇದ್ದರೆ ನೀನು ಬಚಾವು ಎಂದು ಹಾಗೆ ಮಾಡಿದೆ, ನಿನ್ನ ಒಳ್ಳೆಯದಕ್ಕೇ ಮಾಡಿದೆ, ತಿದ್ದುವವರು ಎಂಥವರೋ ಏನೋ ಎಂದು ಮಾಡಿದೆ. ನಾಲಿಗೆಯ ತುದಿಗೆ ಬಂದದ್ದೆಲ್ಲ ಕ್ವೇತ್ ಮೇಷ್ಟ್ರ ಮಾತೇ ಆಗಿತ್ತು. ಅದರಲ್ಲಿ ಒಂದನ್ನೂ ಆ ಹುಡುಗಿಯ ಮುಂದೆ ಆಡಲಾರದೆ ಅವಳು ಅಂಗಳದಲ್ಲಿ ನಿಂತೇ ಇದ್ದಳು. ಮಿಯೆನ್ ಸ್ವಲ್ಪ ಹೊತ್ತು ಕಾದು ನೋಡಿ, ನಲ್ಲಿಯ ಹತ್ತಿರ ಹೋಗಿ ಪಾತ್ರೆ ಉಜ್ಜಲು ಕೂತಳು.